ಮನೆಯ ಲ್ಯಾಂಡ್‌ಲೈನ್ ಫೋನಿನಲ್ಲಿ ವೈರ್‌ಲೆಸ್ ಹಿಯರಿಂಗ್ ಏಡ್ ಬಳಸುವುದು ಹೇಗೆ: ಖರ್ಚಿಲ್ಲದ ಉಪಾಯದಿಂದ ದುಬಾರಿ ಡಬ್ಬಿಯವರೆಗೆ

ವೈರ್‌ಲೆಸ್ ಹಿಯರಿಂಗ್ ಏಡ್ ಮಾರುವವರು "ಫೋನಿಗೂ ಕನೆಕ್ಟ್ ಆಗುತ್ತೆ ಸರ್" ಅಂತ ಹೇಳಿಯೇ ಮಾರುತ್ತಾರೆ. ಅವರು ಹೇಳುವ ಫೋನು ಮೊಬೈಲು. ಮನೆಗೆ ಬಂದು ಹಾಲಿನ ಸ್ಟೂಲಿನ ಮೇಲಿರುವ ಲ್ಯಾಂಡ್‌ಲೈನ್ ರಿಸೀವರ್ ಎತ್ತಿ ಕಿವಿಗೆ ಇಟ್ಟರೆ ಕುಂಯ್ ಅಂತ ಸೀಟಿ ಹೊಡೆಯುತ್ತದೆ, ಇಲ್ಲದಿದ್ದರೆ ಆ ಕಡೆಯ ಮಾತು ಪಕ್ಕದ ಮನೆಯಲ್ಲಿ ಯಾರೋ ಗೊಣಗುತ್ತಿರುವ ಹಾಗೆ ಕೇಳುತ್ತದೆ. ಅಷ್ಟು ದುಡ್ಡು ಸುರಿದು ಹೀಗಾ ಅಂತ ಬೇಜಾರು ಆಗುವುದು ಸಹಜ.

ಏಡ್ ಕೆಟ್ಟಿರುವುದಿಲ್ಲ, ಫೋನೂ ಕೆಟ್ಟಿರುವುದಿಲ್ಲ. ಏಡಿನೊಳಗೆ ಬ್ಲೂಟೂತ್ ಇದ್ದರೆ ಮಾತ್ರ ಸಾಲದು, ಎದುರಿನ ಸಾಧನದಲ್ಲೂ ಅದು ಇರಬೇಕು, ಮಾಮೂಲಿ ಲ್ಯಾಂಡ್‌ಲೈನ್ ಫೋನಿನಲ್ಲಿ ಅದು ಇರುವುದಿಲ್ಲ. ರಿಸೀವರಿನಿಂದ ಮಾತು ಹೊರಗೆ ಬರುವುದು ಎರಡೇ ದಾರಿಯಲ್ಲಿ: ಒಂದು ಗಾಳಿಯಲ್ಲಿ ಸದ್ದಾಗಿ, ಇನ್ನೊಂದು ಅದರ ಸ್ಪೀಕರಿನ ಸುತ್ತ ಹುಟ್ಟುವ ಕಾಂತಕ್ಷೇತ್ರವಾಗಿ. ಈ ಎರಡರಲ್ಲಿ ಒಂದನ್ನು ಸರಿಯಾಗಿ ಹಿಡಿಯಬೇಕು. ಅದು ಆಗದಿದ್ದರೆ ಕರೆಯನ್ನೇ ಮೊಬೈಲಿಗೆ ತರಬೇಕು. ಅದೂ ಆಗದಿದ್ದರೆ ಫೋನಿನ ಮಾತನ್ನು ಏಡಿಗೆ ಕಳಿಸುವ ಒಂದು ಡಬ್ಬಿ ಮಧ್ಯೆ ಇಡಬೇಕು. ನನ್ನ ಪ್ರಕಾರ ಇದೇ ಕ್ರಮದಲ್ಲಿ ಹೋಗಬೇಕು, ಡಬ್ಬಿ ಕೊನೆಗೆ. ಎಷ್ಟೋ ಮನೆಗಳಲ್ಲಿ ಅಲ್ಲಿವರೆಗೆ ಹೋಗಬೇಕಾಗುವುದೇ ಇಲ್ಲ.

"ಲ್ಯಾಂಡ್‌ಲೈನ್ ತೆಗೆದುಬಿಡಿ, ಮೊಬೈಲ್ ಸಾಕು" ಅಂತ ಹೇಳುವವರು ಇದ್ದಾರೆ. ಮಲೆನಾಡಿನ ಒಂಟಿಮನೆಗೆ ಒಮ್ಮೆ ಹೋಗಿ ಬನ್ನಿ, ಅಂಗಳದ ಮೂಲೆಯಲ್ಲಿ ನಿಂತರೆ ಮಾತ್ರ ಒಂದು ಕಡ್ಡಿ ಸಿಗ್ನಲ್. ಜೊತೆಗೆ ಮೂವತ್ತು ವರ್ಷದಿಂದ ನೆಂಟರಿಷ್ಟರ ಬಾಯಲ್ಲಿರುವ ನಂಬರ್ ಅದು. ಇಷ್ಟಕ್ಕೂ ಎಂಬತ್ತರ ಹತ್ತಿರದವರಿಗೆ ರಿಸೀವರ್ ಎತ್ತುವುದು ರೂಢಿಯಾಗಿದೆ, ಗಾಜಿನ ಮೇಲೆ ಬೆರಳು ಎಳೆಯುವುದು ರೂಢಿಯಾಗಿಲ್ಲ. ಅವರಿಗೆ ಅದೇ ಬೇಕು ಅಂದರೆ ಅದೇ ಬೇಕು.

ಮೊದಲು ಮನೆಯಲ್ಲಿ ಏನಿದೆ ನೋಡಿಕೊಳ್ಳಿ

ಒಂದು ಚೀಟಿ ತೆಗೆದುಕೊಂಡು ಮೂರು ವಿಷಯ ಬರೆದುಕೊಳ್ಳಿ, ಮುಂದೆ ಪ್ರತಿ ಹೆಜ್ಜೆಯಲ್ಲೂ ಬೇಕಾಗುತ್ತದೆ.

ಒಂದು, ಏಡಿನ ಪೂರ್ತಿ ಮಾಡೆಲ್ ಹೆಸರು. ಬಾಕ್ಸಿನ ಮೇಲೋ ವಾರಂಟಿ ಕಾರ್ಡಿನಲ್ಲೋ ಇರುತ್ತದೆ. ಬರೀ ಕಂಪನಿ ಹೆಸರು ಸಾಲದು. ಹೆಸರಿನ ಕೊನೆಯಲ್ಲಿ ಇಂಗ್ಲಿಷಿನ ಟಿ ಅಕ್ಷರ ಇದೆಯಾ ಅಂತ ನೋಡಿ. ಫೋನಾಕ್‌ನಲ್ಲಿ 312ಟಿ, 13ಟಿ, ಓಟಿಕಾನ್‌ನಲ್ಲಿ ಮಿನಿರೈಟ್ ಟಿ ಅಂತೆಲ್ಲ ಬರುತ್ತದಲ್ಲ, ಆ ಟಿ ಅಂದರೆ ಒಳಗೆ ಟೆಲಿಕಾಯಿಲ್ ಅನ್ನುವ ಪುಟ್ಟ ತಂತಿ ಸುರುಳಿ ಇದೆ ಅಂತ, ಅದರ ಕೆಲಸ ಮುಂದೆ ಹೇಳುತ್ತೇನೆ. ಕಿವಿಯ ಹಿಂದೆ ಕೂರುವ ಸ್ವಲ್ಪ ದೊಡ್ಡ ಮಿಷನ್ನುಗಳಲ್ಲಿ, ಅದರಲ್ಲೂ ಕಿತ್ತಳೆ ಬಣ್ಣದ 13 ನಂಬರ್ ಅಥವಾ ನೀಲಿ ಬಣ್ಣದ 675 ನಂಬರ್ ಬ್ಯಾಟರಿ ಹಾಕುವಂಥವುಗಳಲ್ಲಿ ಇದು ಇರುವ ಸಾಧ್ಯತೆ ಜಾಸ್ತಿ. ಕಿವಿಯೊಳಗೆ ಅಡಗುವ ಪುಟಾಣಿಗಳಲ್ಲಿ ಮತ್ತು ಹಲವು ರೀಚಾರ್ಜಬಲ್ ಮಾಡೆಲ್‌ಗಳಲ್ಲಿ ಜಾಗವಿಲ್ಲ ಅಂತ ಅದನ್ನು ಬಿಟ್ಟಿರುತ್ತಾರೆ.

ಎರಡು, ಫೋನು ಯಾವ ಥರದ್ದು. ಸುರುಳಿ ವೈರಿನದಾ, ಕಾರ್ಡ್‌ಲೆಸ್ಸಾ, ಸ್ಪೀಕರ್ ಬಟನ್ ಇದೆಯಾ, ಇಯರ್‌ಫೋನ್ ಚುಚ್ಚುವ ತೂತು ಇದೆಯಾ.

ಮೂರು, ಲೈನು ಯಾವುದು. ಕಂಬದಿಂದ ಬಂದ ವೈರು ಗೋಡೆಯ ರೋಸೆಟ್ ಡಬ್ಬಿಗೆ ಸೇರಿ ಅಲ್ಲಿಂದ ನೇರ ಫೋನಿಗೆ ಬಂದಿದ್ದರೆ ಅದು ಹಳೆಯ ತಾಮ್ರದ ಲೈನು. ಫೋನಿನ ವೈರು ಇಂಟರ್ನೆಟ್ ಡಬ್ಬಿಯ ಹಿಂದೆ ಹೋಗಿ ಸೇರಿದ್ದರೆ ಫೈಬರ್. ಈಗ ಬಹಳ ಮನೆಗಳಲ್ಲಿ ತಾಮ್ರ ಹೋಗಿ ಫೈಬರ್ ಬಂದಿದೆ, ಹಿರಿಯರಿಗೆ ಅದು ಗೊತ್ತೇ ಇರುವುದಿಲ್ಲ, ಯಾಕೆಂದರೆ ಫೋನೂ ಅದೇ, ನಂಬರೂ ಅದೇ.

ರಿಸೀವರನ್ನು ಕಿವಿಗೆ ಅಲ್ಲ, ಮೈಕಿಗೆ ಹಿಡಿಯಿರಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಬಹಳ ಜನಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಕಿವಿ ಹಿಂದಿನ ಏಡಿನಲ್ಲಿ ಮೈಕ್ ಇರುವುದು ಕಿವಿಯ ತೂತಿನಲ್ಲಿ ಅಲ್ಲ, ಕಿವಿಯ ಮೇಲ್ತುದಿಯಲ್ಲಿ, ಕನ್ನಡಕದ ಕಡ್ಡಿ ಕೂರುವ ಜಾಗದಲ್ಲಿ. ಎಲ್ಲರೂ ಅಭ್ಯಾಸಬಲದಿಂದ ರಿಸೀವರನ್ನು ತೂತಿಗೆ ಒತ್ತುತ್ತಾರೆ. ಮೈಕಿಗೆ ಸದ್ದು ಹೋಗುವುದಿಲ್ಲ. ಮೇಲಾಗಿ ರಿಸೀವರ್ ಕಿವಿಯನ್ನು ಮುಚ್ಚಿದಾಗ ಏಡಿನಿಂದ ಸೋರಿದ ಸದ್ದು ಅದಕ್ಕೆ ಬಡಿದು ವಾಪಸ್ ಮೈಕಿಗೇ ಹೋಗುತ್ತದೆ. ಸೀಟಿ ಹೊಡೆಯುವುದು ಅದಕ್ಕೇ.

ಹೀಗೆ ಮಾಡಿ. ರಿಸೀವರ್ ಎತ್ತಿ, ಡಯಲ್ ಟೋನ್ ಬರಲಿ. ರಿಸೀವರಿನ ಮೇಲಿನ ತುದಿಯನ್ನು ಕಿವಿಯ ಮೇಲ್ಭಾಗಕ್ಕೆ, ಏಡಿನ ಹತ್ತಿರಕ್ಕೆ ತನ್ನಿ. ಒತ್ತಬೇಡಿ, ಒಂದು ಬೆರಳಿನಷ್ಟು ಸಂದು ಇರಲಿ. ಈಗ ನಿಧಾನವಾಗಿ ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸುತ್ತಾ ಹೋಗಿ. ಯಾವುದೋ ಒಂದು ಜಾಗದಲ್ಲಿ ಟೋನ್ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಅದೇ ನಿಮ್ಮ ಜಾಗ. ಕನ್ನಡಿ ಮುಂದೆ ನಿಂತು ಕೈ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಬಾಯಿಯ ಹತ್ತಿರದ ಮೈಕ್ ಆಗ ಗಲ್ಲದ ಕಡೆ ಸರಿಯುತ್ತದೆ, ಸ್ವಲ್ಪ ಜೋರಾಗಿ ಮಾತಾಡಿದರೆ ಆಯಿತು. ಕಿವಿಯೊಳಗೆ ಕೂರುವ ಏಡ್ ಆದರೆ ಮೈಕ್ ಅಲ್ಲೇ ಇರುತ್ತದೆ, ಮಾಮೂಲಿಯಂತೆ ಹಿಡಿಯಿರಿ, ತುಸು ಓರೆಯಾಗಿ.

ಇಷ್ಟಾದರೂ ಸೀಟಿ ನಿಲ್ಲದಿದ್ದರೆ ರಿಸೀವರಿಗೆ ಸ್ಪಂಜಿನ ಒಂದು ಉಂಗುರ ಅಂಟಿಸಿ ನೋಡಿ. ಅದೂ ಕೆಲಸ ಮಾಡದಿದ್ದರೆ ಕಿವಿಯೊಳಗೆ ಹೋಗುವ ಮೆತ್ತಗಿನ ತುದಿ, ಅಂದರೆ ಡೋಮ್, ಸಡಿಲವಿರಬಹುದು. ಕಿವಿ ಪರೀಕ್ಷಿಸಿ ಏಡ್ ಹೊಂದಿಸಿಕೊಡುವ ಆಡಿಯಾಲಜಿಸ್ಟ್ ಹತ್ತಿರ ಹೋಗಿ ದೊಡ್ಡ ಅಳತೆಯದು ಅಥವಾ ಅಚ್ಚು ತೆಗೆದು ಮಾಡಿದ ಮೋಲ್ಡ್ ಹಾಕಿಸಿಕೊಳ್ಳಿ. ಫೋನಿನ ವಾಲ್ಯೂಮ್ ಪೂರ್ತಿ ಏರಿಸಬೇಡಿ, ಸಣ್ಣ ಸ್ಪೀಕರ್ ಒಡೆದ ಸದ್ದು ಮಾಡುತ್ತದೆ, ಏಡ್ ಅದನ್ನೇ ಇನ್ನೂ ದೊಡ್ಡದು ಮಾಡುತ್ತದೆ. ಮಧ್ಯದಲ್ಲಿ ಇಡಿ.

ಟೆಲಿಕಾಯಿಲ್: ಇದ್ದೂ ಬಳಸದೆ ಬಿಟ್ಟಿರುವ ದಾರಿ

ಲ್ಯಾಂಡ್‌ಲೈನ್ ವಿಷಯದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇದನ್ನೇ. ಬ್ಲೂಟೂತ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಟೆಲಿಫೋನಿಗೆ ಅಂತಲೇ ಬಂದದ್ದು. ಏಡಿನೊಳಗೆ ತೆಳ್ಳಗಿನ ತಂತಿಯ ಒಂದು ಸುರುಳಿ, ಅಷ್ಟೇ. ರಿಸೀವರಿನ ಸ್ಪೀಕರ್ ಕೆಲಸ ಮಾಡುವಾಗ ಸುತ್ತಲೂ ಕಾಂತಕ್ಷೇತ್ರ ಏರಿಳಿಯುತ್ತದೆ, ಸುರುಳಿ ಅದನ್ನು ಹಿಡಿದು ನೇರ ಏಡಿಗೆ ಕೊಡುತ್ತದೆ. ಮೈಕ್ ಕೆಲಸವೇ ಇಲ್ಲ, ಹಾಗಾಗಿ ಸೀಟಿಯೂ ಇಲ್ಲ, ಟಿವಿ ಗಲಾಟೆಯೂ ಇಲ್ಲ, ಕುಕ್ಕರ್ ವಿಷಲ್ಲೂ ಇಲ್ಲ.

ಹಾಗಾದರೆ ಜನ ಯಾಕೆ ಬಳಸುವುದಿಲ್ಲ? ಕಾಯಿಲ್ ಇದ್ದರೂ ಅದನ್ನು ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಆಗಿ ಆನ್ ಮಾಡಿ ಕೊಡಬೇಕು, ಬಹಳ ಸಲ ಮಾಡಿಕೊಟ್ಟಿರುವುದಿಲ್ಲ. ಗ್ರಾಹಕರು ಕೇಳಲಿಲ್ಲ, ಅಂಗಡಿಯವರು ಹೇಳಲಿಲ್ಲ. ಸಾಗರದ ಹತ್ತಿರ ಇರುವ ನಮ್ಮ ದೊಡ್ಡಮ್ಮನ ಏಡಿನಲ್ಲೂ ಅದು ಸುಮ್ನೆ ಮಲಗಿತ್ತು.

ಆದ್ದರಿಂದ ಮುಂದಿನ ಸಲ ಹೋದಾಗ ಹೀಗೇ ಕೇಳಿ: "ಇದರಲ್ಲಿ ಟೆಲಿಕಾಯಿಲ್ ಇದೆಯಾ? ಇದ್ದರೆ ಒಂದು ಫೋನ್ ಪ್ರೋಗ್ರಾಂ ಮಾಡಿಕೊಡಿ, ಬಟನ್ ಒತ್ತಿದರೆ ಅದಕ್ಕೆ ಬರುವ ಹಾಗೆ." ಅವರು ಟಿ ಬೇಕಾ ಎಂಟಿ ಬೇಕಾ ಅಂತ ಕೇಳಬಹುದು. ಟಿ ಅಂದರೆ ಕಾಯಿಲ್ ಮಾತ್ರ, ಮೈಕ್ ಬಂದ್. ಎಂಟಿ ಅಂದರೆ ಎರಡೂ. ಫೋನಿಗೆ ಟಿ ಒಳ್ಳೆಯದು, ಶಬ್ದ ಶುಚಿಯಾಗಿ ಬರುತ್ತದೆ. ಆದರೆ ಅದೇ ಪ್ರೋಗ್ರಾಮಿನಲ್ಲಿ ಬಿಟ್ಟು ಮರೆತರೆ ಎದುರಿಗೆ ಕೂತವರ ಮಾತೂ ಕೇಳುವುದಿಲ್ಲ, "ಮಿಷನ್ ಕೆಟ್ಟಿದೆ" ಅಂತ ಮನೆಯಲ್ಲಿ ಗಲಾಟೆ ಶುರುವಾಗುತ್ತದೆ. ಮರೆವು ಇರುವವರಿಗೆ ಎಂಟಿ ಹಾಕಿಸಿ. ವಾಲ್ಯೂಮ್ ಕೂಡ ಅಲ್ಲೇ, ಅವರ ಲ್ಯಾಂಡ್‌ಲೈನಿನಲ್ಲೇ ಪರೀಕ್ಷೆ ಮಾಡಿಸಿ ಏರಿಸಿಕೊಳ್ಳಿ. ಕೊಂಡ ಅಂಗಡಿ ಮುಚ್ಚಿಹೋಗಿದ್ದರೆ ಅದೇ ಕಂಪನಿಯ ಬೇರೆ ಸೆಂಟರ್ ಹುಡುಕಿ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಆಡಿಯಾಲಜಿಯವರ ಸಲಹೆ ಅಲ್ಲೂ ಪಡೆಯಬಹುದು.

ಮನೆಗೆ ಬಂದಮೇಲೆ ಜಾಗ ಹುಡುಕುವ ಪರೀಕ್ಷೆ ಮತ್ತೊಮ್ಮೆ ಮಾಡಿ. ಪ್ರೋಗ್ರಾಂ ಬದಲಿಸಿ, ಡಯಲ್ ಟೋನ್ ಬರಿಸಿ, ಏಡಿನ ಸುತ್ತ ರಿಸೀವರ್ ತಿರುಗಿಸಿ. ಕಾಂತಕ್ಷೇತ್ರಕ್ಕೆ ದಿಕ್ಕು ಇರುತ್ತದೆ, ಹಾಗಾಗಿ ದೂರ ಬದಲಿಸಿದರೆ ಸಾಲದು, ಓರೆಯನ್ನೂ ಬದಲಿಸಬೇಕು. ಸ್ವಲ್ಪ ತಿರುಚಿದರೆ ಸಾಕು, ಸದ್ದು ದುಪ್ಪಟ್ಟಾದ ಹಾಗೆ ಅನ್ನಿಸುತ್ತದೆ. ಎಷ್ಟು ತಿರುಗಿಸಿದರೂ ಏನೂ ಕೇಳದಿದ್ದರೆ ಆ ಫೋನಿನ ಸ್ಪೀಕರಿನಿಂದ ಹೊರಗೆ ಬರುವ ಕಾಂತಕ್ಷೇತ್ರ ಸಾಲುತ್ತಿಲ್ಲ ಅಂತ ಅರ್ಥ. ಹೊಸ ಫೋನು ಕೊಳ್ಳುವ ಮುಂಚೆ ಅಕ್ಕಪಕ್ಕದ ಮನೆಯಿಂದ ಬೇರೆ ಫೋನು ತಂದು ಅದೇ ಲೈನಿಗೆ ಚುಚ್ಚಿ ನೋಡಿ. ಹಳೇ ಕಾಲದ ಭಾರದ ರಿಸೀವರ್ ಅಟ್ಟದ ಮೇಲಿದ್ದರೆ ಇಳಿಸಿ. ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯಿಂದ ಬರುತ್ತಿದ್ದ ಫೋನುಗಳು ಕೆಲವು ಮನೆಗಳಲ್ಲಿ ಇನ್ನೂ ಇವೆ. ಹಳೆಯ ರಿಸೀವರುಗಳು ಟೆಲಿಕಾಯಿಲ್‌ಗೆ ಸಾಮಾನ್ಯವಾಗಿ ಚೆನ್ನಾಗಿ ಹೊಂದುತ್ತವೆ. ತಿರುಗಿಸುವ ಡಯಲಿನ ಫೋನಾದರೆ ಫೈಬರ್ ಲೈನಿನಲ್ಲಿ ಡಯಲ್ ಮಾಡಲು ಆಗದೇ ಇರಬಹುದು, ಬಂದ ಕರೆ ಎತ್ತುವುದಕ್ಕೆ ಮಾತ್ರ ಇಟ್ಟುಕೊಳ್ಳಬೇಕಾಗುತ್ತದೆ.

ಇನ್ನೊಂದು ತೊಂದರೆ ಗುಂಯ್ ಅನ್ನುವ ಸದ್ದು. ಟೆಲಿಕಾಯಿಲ್ ಮಾತಿನ ಕಾಂತಕ್ಷೇತ್ರವನ್ನು ಹಿಡಿದ ಹಾಗೆ ಮನೆಯ ಕರೆಂಟಿನದನ್ನೂ ಹಿಡಿಯುತ್ತದೆ. ನಮ್ಮ ಮನೆಗಳಲ್ಲಿ ಇದರ ಮೂಲ ಸಾಮಾನ್ಯವಾಗಿ ಇನ್ವರ್ಟರ್. ದೊಡ್ಡಮ್ಮನ ಮನೆಯಲ್ಲಿ ಫೋನಿನ ಸ್ಟೂಲಿನ ಹಿಂದಿನ ಗೋಡೆಯ ಆ ಕಡೆಗೇ ಇನ್ವರ್ಟರ್ ಇತ್ತು, ಗೋಡೆ ಇದ್ದರೂ ಕಾಂತಕ್ಷೇತ್ರ ದಾಟಿ ಬರುತ್ತದೆ. ಹಳೆ ಟ್ಯೂಬ್‌ಲೈಟಿನ ಚೋಕ್, ಸ್ಟೆಬಿಲೈಸರ್, ರೂಟರಿನ ಅಡಾಪ್ಟರ್ ಕೂಡ ಇದನ್ನೇ ಮಾಡುತ್ತವೆ. ಹುಡುಕುವುದು ಸುಲಭ: ಏಡನ್ನು ಟಿ ಪ್ರೋಗ್ರಾಮಿಗೆ ಹಾಕಿಕೊಂಡು, ಫೋನು ಮುಟ್ಟದೆ, ಸುಮ್ನೆ ಹಾಲಿನಲ್ಲಿ ನಡೆದಾಡಿ. ಎಲ್ಲಿ ಗುಂಯ್‌ಗುಟ್ಟುವುದು ಕಡಿಮೆಯೋ ಅಲ್ಲಿಗೆ ಫೋನನ್ನು ಸಾಗಿಸಿ. ನಾಲ್ಕಡಿ ಸರಿಸಿದರೂ ಬಹಳ ವ್ಯತ್ಯಾಸ ಬರುತ್ತದೆ. ಕಾರ್ಡ್‌ಲೆಸ್ ಫೋನುಗಳಲ್ಲಿ ಹ್ಯಾಂಡ್‌ಸೆಟ್ಟೇ ಜಿರ್ ಅನ್ನಿಸಬಹುದು, ಅದಕ್ಕೆ ಔಷಧಿ ಇಲ್ಲ, ವೈರಿನ ಫೋನಿಗೆ ಮರಳುವುದೇ ಸರಿ.

ಬಟನ್ ಒತ್ತುವುದು ಕಷ್ಟ ಅನ್ನುವವರಿಗೆ ಒಂದು ಅನುಕೂಲ ಇದೆ. ಹಲವು ಏಡ್‌ಗಳು ರಿಸೀವರಿನಲ್ಲಿ ಅಯಸ್ಕಾಂತ ಇರುವುದನ್ನು ತಾವೇ ಗುರುತಿಸಿ ಫೋನ್ ಪ್ರೋಗ್ರಾಮಿಗೆ ಹೋಗುತ್ತವೆ, ರಿಸೀವರ್ ಇಟ್ಟೊಡನೆ ವಾಪಸ್ ಬರುತ್ತವೆ. ಓಟಿಕಾನ್ ಅದನ್ನು ಆಟೋಫೋನ್ ಅನ್ನುತ್ತದೆ, ಫೋನಾಕ್ ಈಸಿಫೋನ್ ಅನ್ನುತ್ತದೆ. ರಿಸೀವರಿನ ಸ್ಪೀಕರ್ ಪಕ್ಕ ಅಂಟಿಸುವ ಪುಟ್ಟ ಅಯಸ್ಕಾಂತ ಕಂಪನಿಯಿಂದಲೇ ಸಿಗುತ್ತದೆ. ಸ್ಪೀಕರಿನ ತೂತು ಮುಚ್ಚದ ಹಾಗೆ ಅಂಟಿಸಬೇಕು. ಪೇಸ್‌ಮೇಕರ್ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ, ಸಣ್ಣ ಮಕ್ಕಳ ಕೈಗೂ ಸಿಗಬಾರದು, ನುಂಗಿದರೆ ಅಪಾಯ.

ಒಂದು ಕಿವಿಯ ಫೋನು ಎರಡೂ ಕಿವಿಗೆ

ಎರಡೂ ಕಿವಿಗೆ ಏಡ್ ಹಾಕುವವರಿಗೆ ಲ್ಯಾಂಡ್‌ಲೈನಿನಲ್ಲಿ ನಿಜವಾಗಿ "ವೈರ್‌ಲೆಸ್" ಉಪಯೋಗಕ್ಕೆ ಬರುವುದು ಇಲ್ಲಿ. ಒಂದು ಏಡ್ ಹಿಡಿದ ಫೋನಿನ ಮಾತನ್ನು ಇನ್ನೊಂದಕ್ಕೆ ತಾನೇ ಕಳಿಸುತ್ತದೆ. ಫೋನಾಕ್‌ನಲ್ಲಿ ಡ್ಯುಯೋಫೋನ್, ಸಿಗ್ನಿಯಾದಲ್ಲಿ ಟ್ವಿನ್‌ಫೋನ್, ವೈಡೆಕ್ಸ್‌ನಲ್ಲಿ ಫೋನ್ ಪ್ಲಸ್. ಹೊಸ ಡಬ್ಬಿ ಬೇಡ, ಯಾವ ಫೋನಾದರೂ ಸರಿ. ಎರಡು ಕಿವಿಯಲ್ಲಿ ಕೇಳಿದಾಗ ಮಾತು ಎಷ್ಟೋ ಸಲೀಸಾಗಿ ಅರ್ಥವಾಗುತ್ತದೆ. ನಿಮ್ಮ ಮಾಡೆಲಿನಲ್ಲಿ ಇದ್ದರೆ ಆನ್ ಮಾಡಿಸಿಕೊಳ್ಳಿ, ಕಾಯಿಲ್ ಪ್ರೋಗ್ರಾಂ ಮಾಡಿಸುವ ದಿನವೇ.

ಕರೆಯನ್ನೇ ಮೊಬೈಲಿಗೆ ತರುವುದು

ಟೆಲಿಕಾಯಿಲ್ ಇಲ್ಲ, ಬ್ಲೂಟೂತ್ ಇದೆ, ಮನೆಯಲ್ಲಿ ಸ್ಮಾರ್ಟ್‌ಫೋನೂ ಇದೆ ಅನ್ನುವವರಿಗೆ ಇದು ಸರಿಯಾದ ದಾರಿ. ಲ್ಯಾಂಡ್‌ಲೈನ್ ನಂಬರ್ ಹಾಗೇ ಉಳಿಯುತ್ತದೆ, ಮಾತು ಮಾತ್ರ ಮೊಬೈಲಿನಿಂದ ಏಡಿಗೆ ಬರುತ್ತದೆ.

ಮೊದಲು ಏಡ್ ಮತ್ತು ಮೊಬೈಲ್ ಜೋಡಿಸಿ. ಏಡನ್ನು ಆಫ್ ಮಾಡಿ ಆನ್ ಮಾಡಿ, ಬ್ಯಾಟರಿಯದಾದರೆ ಅದರ ಬಾಗಿಲು ತೆರೆದು ಮುಚ್ಚಿ. ಅದಾದ ಮೇಲೆ ಸುಮಾರು 3 ನಿಮಿಷ ಮಾತ್ರ ಅದು ಜೋಡಣೆಗೆ ಸಿದ್ಧವಿರುತ್ತದೆ, ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ ಶುರು ಮಾಡಿ. ಐಫೋನಿಗೆ ಅಂತಲೇ ಮಾಡಿದ ಏಡನ್ನು ಐಫೋನಿಗೆ ಸೇರಿಸುವುದಾದರೆ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಹಿಯರಿಂಗ್ ಡಿವೈಸಸ್ ಅಂತ ಹೋಗಬೇಕು, ಬ್ಲೂಟೂತ್ ಪುಟದಲ್ಲಿ ಹುಡುಕುತ್ತಾ ಕೂರಬೇಡಿ. ಆಂಡ್ರಾಯ್ಡ್ ಆದರೆ ಬ್ಲೂಟೂತ್‌ನಲ್ಲಿ ಹೊಸ ಸಾಧನ ಸೇರಿಸಿ ಅನ್ನುವಲ್ಲಿ. ಎಲ್ಲ ಏಡ್ ಎಲ್ಲ ಆಂಡ್ರಾಯ್ಡಿಗೆ ಸೇರುವುದಿಲ್ಲ. ಆಂಡ್ರಾಯ್ಡ್ 10ರಿಂದ ಈಚೆಗೆ ಹಿಯರಿಂಗ್ ಏಡಿಗೆ ಅಂತಲೇ ವ್ಯವಸ್ಥೆ ಬಂತು, ಆದರೆ ಫೋನು ಮತ್ತು ಏಡ್ ಎರಡರಲ್ಲೂ ಅದು ಇರಬೇಕು. ಕೊಳ್ಳುವ ಮುಂಚೆ ಏಡ್ ಕಂಪನಿಯ ವೆಬ್‌ಸೈಟಿನಲ್ಲಿ ಹೊಂದುವ ಫೋನುಗಳ ಪಟ್ಟಿ ನೋಡಿ. ಫೋನಾಕ್‌ನ ಮಾರ್ವೆಲ್ ಮತ್ತು ಅದರ ನಂತರದ ಮಾಡೆಲುಗಳು ಮಾಮೂಲಿ ಬ್ಲೂಟೂತ್‌ನಲ್ಲೇ ಸೇರುತ್ತವೆ, ಹಾಗಾಗಿ ಅವಕ್ಕೆ ಈ ರಗಳೆ ಕಡಿಮೆ.

ಈಗ ಕರೆಯನ್ನು ಮೊಬೈಲಿಗೆ ತರಬೇಕು. ಜಿಯೋಫೈಬರ್ ಇರುವವರಿಗೆ ಸುಲಭ: ಜಿಯೋಜಾಯಿನ್ (ಹಿಂದೆ ಜಿಯೋಕಾಲ್) ಆ್ಯಪ್ ಹಾಕಿ, ಲ್ಯಾಂಡ್‌ಲೈನ್ ನಂಬರ್ ಕೊಟ್ಟು, ಕನೆಕ್ಷನ್ ತೆಗೆದುಕೊಂಡಾಗ ಕೊಟ್ಟ ಮೊಬೈಲಿಗೆ ಬರುವ ಓಟಿಪಿ ಹಾಕಿದರೆ ಮನೆಯ ನಂಬರಿಗೆ ಬಂದ ಕರೆ ಮೊಬೈಲಿನಲ್ಲೇ ರಿಂಗಾಗುತ್ತದೆ, ಅದೇ ನಂಬರಿನಿಂದ ಹೊರಗೂ ಕರೆ ಮಾಡಬಹುದು. ಓಟಿಪಿ ಹೋಗುವ ಮೊಬೈಲು ಬೆಂಗಳೂರಿನಲ್ಲಿರುವ ಮಗನದ್ದೋ ಮಗಳದ್ದೋ ಆಗಿರುವುದು ಮಾಮೂಲು, ಅವರನ್ನು ಲೈನಿನಲ್ಲಿ ಇಟ್ಟುಕೊಂಡೇ ಈ ಕೆಲಸ ಮಾಡಿ. ಆ್ಯಪಿನ ಕರೆ ಏಡಿಗೆ ಬರುತ್ತದಾ, ಮೊಬೈಲಿನ ಸ್ಪೀಕರಿನಲ್ಲೇ ಉಳಿಯುತ್ತದಾ ಅಂತ ಅಲ್ಲೇ ನೋಡಿಬಿಡಿ. ಉಳಿದರೆ ಕರೆಯ ಪರದೆಯಲ್ಲಿ ಸ್ಪೀಕರ್ ಗುರುತು ಒತ್ತಿ ಏಡಿನ ಹೆಸರು ಆರಿಸಿ.

ಬಿಎಸ್‌ಎನ್‌ಎಲ್ ಅಥವಾ ಬೇರೆ ಕಂಪನಿ ಆದರೆ ಕಾಲ್ ಫಾರ್ವರ್ಡಿಂಗ್ ಕೇಳಿ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಎರಡು ಪ್ರಶ್ನೆ: ನಮ್ಮ ಲೈನಿನಲ್ಲಿ ಇದು ಇದೆಯಾ, ಮತ್ತೆ ಫಾರ್ವರ್ಡ್ ಆದ ಕರೆಗೆ ದುಡ್ಡು ಹೇಗೆ. ಫಾರ್ವರ್ಡಿಂಗ್‌ನಲ್ಲಿ ಬಗೆಗಳಿವೆ. ಎಲ್ಲ ಕರೆಯನ್ನೂ ಕಳಿಸುವುದು ಒಂದು, ಎತ್ತದಿದ್ದರೆ ಮಾತ್ರ ಕಳಿಸುವುದು ಇನ್ನೊಂದು. ಮನೆಯಲ್ಲಿ ನಾಲ್ಕು ಜನ ಇದ್ದರೆ ಎರಡನೆಯದನ್ನು ಹಾಕಿಸಿ. ಲ್ಯಾಂಡ್‌ಲೈನ್ ನಾಲ್ಕೈದು ಸಲ ರಿಂಗಾಗಲಿ, ಬೇರೆಯವರು ಎತ್ತುವುದಾದರೆ ಎತ್ತಲಿ, ಇಲ್ಲದಿದ್ದರೆ ಏಡ್ ಹಾಕಿಕೊಂಡವರ ಮೊಬೈಲಿಗೆ ಹೋಗಲಿ. ಒಂಟಿಯಾಗಿ ಇರುವವರಿಗೆ ಮೊದಲನೆಯದೇ ಸರಿ.

"ನಮ್ಮಲ್ಲಿ ಮೊಬೈಲ್ ಸಿಗ್ನಲ್ಲೇ ಇಲ್ಲವಲ್ಲ" ಅನ್ನುತ್ತೀರಾ? ಮನೆಗೆ ಫೈಬರ್ ಬಂದಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಏರ್‌ಟೆಲ್ ಮತ್ತು ಜಿಯೋ ಎರಡೂ ಅದನ್ನು ಕೊಡುತ್ತವೆ, ಮೊಬೈಲಿನ ಸಿಮ್ ಸೆಟ್ಟಿಂಗಿನಲ್ಲೇ ಇರುತ್ತದೆ. ಆಗ ಟವರ್ ಇಲ್ಲದಿದ್ದರೂ ಮಾಮೂಲಿ ನಂಬರಿಗೆ ಬರುವ ಕರೆ ಮನೆಯ ವೈಫೈ ಮೂಲಕ ಬರುತ್ತದೆ. ಮಲೆನಾಡಿನವರಿಗೆ ಇದು ದೊಡ್ಡ ಉಪಕಾರ.

ಇಲ್ಲಿ ಒಂದು ಎಚ್ಚರಿಕೆ. ಏಡಿನಲ್ಲಿ ಮಾತು ಕೇಳಿಸಿತು ಅಂತ ಮೊಬೈಲನ್ನು ಟೇಬಲ್ ಮೇಲೆ ಬಿಟ್ಟು ಅಡುಗೆಮನೆಗೆ ಹೋಗಬೇಡಿ. ಹಲವು ಏಡ್‌ಗಳಲ್ಲಿ ನಿಮ್ಮ ಮಾತು ಆ ಕಡೆಗೆ ಹೋಗುವುದು ಮೊಬೈಲಿನ ಮೈಕಿನಿಂದಲೇ, ನಿಮಗೆ ಅವರದು ಕೇಳುತ್ತಿರುತ್ತದೆ, ಅವರಿಗೆ ನಿಮ್ಮದು ಕೇಳುವುದಿಲ್ಲ, "ಹಲೋ ಹಲೋ" ಅಂತ ಇಟ್ಟುಬಿಡುತ್ತಾರೆ. ಮೊಬೈಲನ್ನು ಜೇಬಿನಲ್ಲೋ ಕೈಯಲ್ಲೋ ಬಾಯಿಗೆ ಹತ್ತಿರ ಇಟ್ಟುಕೊಳ್ಳಿ.

ಸ್ಪೀಕರ್ ಹಾಕಿ, ಮೈಕ್ ಪಕ್ಕದಲ್ಲಿಡಿ

ಕೆಲವರ ಹತ್ತಿರ ಏಡಿನ ಜೊತೆ ಕೊಂಡ ಸಣ್ಣ ವೈರ್‌ಲೆಸ್ ಮೈಕ್ ಇರುತ್ತದೆ, ಮದುವೆ ಮನೆಯಲ್ಲೋ ಪ್ರವಚನದಲ್ಲೋ ಮಾತಾಡುವವರ ಹತ್ತಿರ ಇಡುವುದಕ್ಕೆ ಅಂತ. ಫೋನಾಕ್‌ನ ರೋಜರ್ ಆನ್, ಓಟಿಕಾನ್‌ನ ಎಜುಮೈಕ್, ರಿಸೌಂಡ್‌ನ ಮಲ್ಟಿ ಮೈಕ್, ಹೀಗೆ. ಅದು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದರೆ ಹೊರಗೆ ತೆಗೆಯಿರಿ. ಲ್ಯಾಂಡ್‌ಲೈನಿನ ಸ್ಪೀಕರ್ ಬಟನ್ ಒತ್ತಿ, ಸ್ಪೀಕರಿನ ತೂತುಗಳಿಂದ ಒಂದು ಗೇಣಿನೊಳಗೆ ಆ ಮೈಕ್ ಇಡಿ. ಮಾತು ಎರಡೂ ಕಿವಿಗೆ ನೇರ ಬರುತ್ತದೆ, ನೀವು ಫೋನಿನ ಕಡೆ ಬಗ್ಗಿ ಉತ್ತರ ಕೊಟ್ಟರೆ ಆಯಿತು. ನಿಮ್ಮ ಧ್ವನಿಯೂ ಆ ಮೈಕಿಗೆ ಬಿದ್ದು ಕಿವಿಯಲ್ಲಿ ಗುಡುಗುತ್ತದೆ, ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ. ಗುಟ್ಟು ಮಾತ್ರ ಉಳಿಯುವುದಿಲ್ಲ, ಬ್ಯಾಂಕಿನ ವಿಷಯ ಮಾತಾಡುವಾಗ ಬಾಗಿಲು ಹಾಕಿಕೊಳ್ಳಿ.

ಟಿವಿಯ ಸದ್ದನ್ನು ಏಡಿಗೆ ಕಳಿಸಲು ಕೊಂಡ ಟಿವಿ ಸ್ಟ್ರೀಮರ್ ಇದ್ದು, ಫೋನಿನಲ್ಲಿ ಇಯರ್‌ಫೋನ್ ತೂತು ಇದ್ದರೆ, ಸರಿಯಾದ ವೈರು ಹುಡುಕಿ ಫೋನನ್ನು ಸ್ಟ್ರೀಮರಿಗೆ ಚುಚ್ಚಿಯೂ ಕೇಳಬಹುದು. ಫೋನಿನ ತೂತು 2.5 ಮಿಮೀ, ಸ್ಟ್ರೀಮರಿನದು 3.5 ಮಿಮೀ ಇರುವುದುಂಟು, ಅಳತೆ ನೋಡಿ ವೈರು ತನ್ನಿ. ಇದರಲ್ಲೊಂದು ಪೇಚು ಇದೆ: ವೈರು ಚುಚ್ಚಿದೊಡನೆ ಕೆಲವು ಫೋನುಗಳು ರಿಸೀವರಿನ ಮೈಕನ್ನೂ ಬಂದ್ ಮಾಡುತ್ತವೆ. ಇದು ವೈರಿನ ಜೊತೆ ಆಟವಾಡುವ ಆಸಕ್ತಿ ಇರುವವರಿಗೆ ಮಾತ್ರ.

ಡಬ್ಬಿ ಕೊಳ್ಳುವುದಾದರೆ

ಕೆಲವು ಕಂಪನಿಗಳು ಲ್ಯಾಂಡ್‌ಲೈನಿಗೆ ಅಂತಲೇ ಸಾಧನ ಮಾಡಿವೆ. ಓಟಿಕಾನ್‌ನ ಫೋನ್ ಅಡಾಪ್ಟರ್ ಅಂಥದ್ದು. ಲೈನಿನ ವೈರು ಅದಕ್ಕೆ, ಅದರಿಂದ ಇನ್ನೊಂದು ವೈರು ಫೋನಿಗೆ, ಕರೆಂಟಿಗೆ ಒಂದು ಅಡಾಪ್ಟರ್. ಆದರೆ ಅದು ನೇರ ಏಡಿಗೆ ಮಾತಾಡುವುದಿಲ್ಲ, ಕನೆಕ್ಟ್‌ಕ್ಲಿಪ್ ಅನ್ನುವ ಇನ್ನೊಂದು ಸಾಧನ ಕೊರಳಲ್ಲೋ ಶರ್ಟಿನಲ್ಲೋ ಇರಬೇಕು. ಅಂದರೆ ಒಂದಲ್ಲ, ಎರಡು ಖರ್ಚು. ಫೋನಾಕ್‌ನವರು ಡೆಕ್ಟ್ ಅನ್ನುವ ಕಾರ್ಡ್‌ಲೆಸ್ ಫೋನನ್ನೇ ಮಾಡಿದ್ದರು, ಕಿವಿಗೆ ಹಿಡಿದರೆ ತಮ್ಮದೇ ಏಡುಗಳಿಗೆ ಮಾತು ಕಳಿಸುವಂಥದ್ದು, ಮನೆಯ ಉಳಿದವರು ಅದನ್ನು ಸಾದಾ ಫೋನಿನ ಹಾಗೆ ಬಳಸಬಹುದು. ಇಂಥ ಯಾವುದನ್ನೇ ಕೊಳ್ಳುವ ಮುಂಚೆ ನಿಮ್ಮ ಚೀಟಿಯಲ್ಲಿ ಬರೆದ ಪೂರ್ತಿ ಮಾಡೆಲ್ ಹೆಸರು ಹೇಳಿ, "ಇದಕ್ಕೆ ಹೊಂದುತ್ತದೆ" ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಒಂದು ಕಂಪನಿಯ ಡಬ್ಬಿ ಇನ್ನೊಂದು ಕಂಪನಿಯ ಏಡಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ, ಒಂದೇ ಕಂಪನಿಯ ಹಳತು ಹೊಸತರ ಮಧ್ಯೆಯೂ ಹೊಂದದೇ ಇರಬಹುದು.

"ಬ್ಲೂಟೂತ್ ಇರುವ ಲ್ಯಾಂಡ್‌ಲೈನ್ ಫೋನ್" ಅಂತ ಆನ್‌ಲೈನಿನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಮಾಡುವ ಕೆಲಸ ಉಲ್ಟಾ: ಮೊಬೈಲಿಗೆ ಬಂದ ಕರೆಯನ್ನು ಮನೆಯ ಕಾರ್ಡ್‌ಲೆಸ್ ಫೋನಿನಲ್ಲಿ ಎತ್ತುವುದಕ್ಕೆ ಆ ಬ್ಲೂಟೂತ್. ಪ್ಯಾನಸೋನಿಕ್‌ನ ಲಿಂಕ್ ಟು ಸೆಲ್ ಇದೇ ಜಾತಿ. ನಿಮಗೆ ಬೇಕಿರುವುದು ಬ್ಲೂಟೂತ್ ಹೆಡ್‌ಸೆಟ್‌ಗೆ ಮಾತು ಕಳಿಸುವ ಫೋನು. ವಿವರಣೆಯಲ್ಲಿ ಹೆಡ್‌ಸೆಟ್ ಅಂತ ಸ್ಪಷ್ಟವಾಗಿ ಇರಬೇಕು. ಅದಿದ್ದರೂ ಮಾಮೂಲಿ ಬ್ಲೂಟೂತ್‌ನಲ್ಲಿ ಸೇರುವ ಏಡಿಗೆ ಮಾತ್ರ ಆಸೆ, ಐಫೋನಿಗೆ ಅಂತ ಮಾಡಿದ ಏಡ್ ಇಂಥ ಫೋನನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ವಾಪಸ್ ಮಾಡುವ ಅವಕಾಶ ಇದ್ದರೆ ಮಾತ್ರ ಕೊಳ್ಳಿ.

ಅಮೆರಿಕದಲ್ಲಿರುವ ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮನಿಗೆ ಅಲ್ಲಿಂದ ಕಾರ್ಡ್‌ಲೆಸ್ ಫೋನ್ ತರಬೇಡಿ. ಅಲ್ಲಿಯ ಡೆಕ್ಟ್ 6.0 ಫೋನುಗಳು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ನಮ್ಮ ದೇಶದಲ್ಲಿ ಆ ತರಂಗಗಳು ಮೊಬೈಲ್ ಕಂಪನಿಗಳಿಗೆ ಕೊಟ್ಟಿರುವಂಥವು. ಜೊತೆಗೆ ಅಲ್ಲಿಯ 120 ವೋಲ್ಟಿನ ಅಡಾಪ್ಟರನ್ನು ಇಲ್ಲಿಯ 230ಕ್ಕೆ ಚುಚ್ಚಿದರೆ ಮೊದಲ ದಿನವೇ ಸುಟ್ಟ ವಾಸನೆ. ಆ ದುಡ್ಡನ್ನು ಇಲ್ಲೇ ಒಳ್ಳೆಯ ಆಡಿಯಾಲಜಿಸ್ಟಿಗೆ ಕೊಡಿ.

ಅಭ್ಯಾಸ ಮಾಡಿಸಿ

ಎಲ್ಲ ಸರಿಹೋದರೂ ಮೊದಲ ವಾರ "ಏನೂ ಅರ್ಥ ಆಗಲ್ಲ" ಅಂತಲೇ ಹೇಳುತ್ತಾರೆ. ಅದಕ್ಕೆ ಕಾರಣ ಇದೆ. ಮಾಮೂಲಿ ಟೆಲಿಫೋನ್ ಲೈನು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಒಯ್ಯುತ್ತದೆ. ಸ ಥರದ ಸೀಟಿ ಧ್ವನಿಗಳ ಬಹುಪಾಲು ಅದಕ್ಕಿಂತ ಮೇಲಿರುತ್ತದೆ, ಲೈನಿನಲ್ಲೇ ಉದುರಿಹೋಗುತ್ತದೆ. ಎದುರಿಗೆ ಮುಖವೂ ಇಲ್ಲ, ತುಟಿ ನೋಡಿ ಊಹಿಸುವುದಕ್ಕೂ ಆಗುವುದಿಲ್ಲ.

ಮನೆಯವರು ಪಕ್ಕದ ಕೋಣೆಯಿಂದ ಮೊಬೈಲಿನಲ್ಲಿ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಪೇಪರ್ ಓದಲಿ. ಕೇಳುವವರ ಕೈಯಲ್ಲೂ ಅದೇ ಪೇಪರ್ ಇರಲಿ, ಮೊದಲು ನೋಡಿಕೊಂಡು ಕೇಳಲಿ, ಆಮೇಲೆ ನೋಡದೆ. ನಂತರ ಗೊತ್ತಿರುವ ಧ್ವನಿಗಳು, ಮಗಳು, ತಮ್ಮ, ಬೀಗರು. ಬ್ಯಾಂಕು, ಗ್ಯಾಸ್ ಏಜೆನ್ಸಿ ಕೊನೆಗೆ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಹಾಕುವುದನ್ನು ಮರೆಯಬೇಡಿ, 2021ರ ಜನವರಿ 15ರಿಂದ ಅದು ಕಡ್ಡಾಯ. ಎಷ್ಟೋ ಹಿರಿಯರು ಇದು ಗೊತ್ತಿಲ್ಲದೆ "ಫೋನ್ ಹೋಗುತ್ತಿಲ್ಲ" ಅನ್ನುತ್ತಾರೆ.

ಸಂಖ್ಯೆ ಬಂದಾಗ ಹುಷಾರು. ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ಫೋನಿನಲ್ಲಿ ಒಂದೇ ಥರ, ಮೂರು ಮತ್ತು ನೂರು ಕೂಡ. ಆ ಕಡೆಯವರಿಗೆ ಬಿಡಿಬಿಡಿಯಾಗಿ ಹೇಳಲು ಹೇಳಿ, ಎಂಬತ್ತು ಅನ್ನುವ ಬದಲು ಎಂಟು ಸೊನ್ನೆ. ನೀವು ವಾಪಸ್ ಹೇಳಿ ಖಾತ್ರಿ ಮಾಡಿಕೊಳ್ಳಿ. ಕರೆಯ ಶುರುವಿನಲ್ಲೇ "ನನಗೆ ಕಿವಿ ಸ್ವಲ್ಪ ಮಂದ, ನಿಧಾನ ಹೇಳಿ, ಕೂಗಬೇಡಿ" ಅಂದುಬಿಡಿ. ಕೂಗಿದರೆ ಏಡಿನಲ್ಲಿ ಮಾತು ಇನ್ನೂ ಕೆಡುತ್ತದೆ.

ರಿಂಗು ಮತ್ತು ಕರೆಂಟು

ಫೋನು ರಿಂಗಾಗಿದ್ದೇ ಗೊತ್ತಾಗದಿದ್ದರೆ ಮೇಲಿನದೆಲ್ಲ ವ್ಯರ್ಥ. ರಿಂಗ್ ಬಂದಾಗ ದೀಪ ಮಿನುಗುವ ಫೋನು ತೆಗೆದುಕೊಳ್ಳಿ, ಅಥವಾ ಅದೇ ಲೈನಿಗೆ ಇನ್ನೊಂದು ಫೋನನ್ನು ಮಲಗುವ ಕೋಣೆಯಲ್ಲಿ ಇಡಿ, ಯಾಕೆಂದರೆ ರಾತ್ರಿ ಏಡ್ ತೆಗೆದಿಟ್ಟಿರುತ್ತಾರೆ.

ತಾಮ್ರದ ಲೈನಿನಲ್ಲಿ ಫೋನಿಗೆ ಬೇಕಾದ ಕರೆಂಟು, 48 ವೋಲ್ಟು, ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಮನೆಯಲ್ಲಿ ಕರೆಂಟ್ ಹೋದರೂ ಫೋನು ನಡೆಯುತ್ತಿತ್ತು. ಫೈಬರಿನಲ್ಲಿ ಹಾಗಲ್ಲ, ಇಂಟರ್ನೆಟ್ ಡಬ್ಬಿ ಆರಿದರೆ ಫೋನೂ ಸತ್ತಂತೆ, ಮೇಲೆ ಹೇಳಿದ ಆ್ಯಪು, ವೈಫೈ ಕಾಲಿಂಗ್ ಎಲ್ಲವೂ ಸತ್ತಂತೆ. ಒಂಟಿ ಹಿರಿಯರ ಮನೆಯಾದರೆ ಆ ಡಬ್ಬಿಯನ್ನು ಇನ್ವರ್ಟರಿನ ಲೈನಿಗೆ ಹಾಕಿಸಿ, ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆ ಅಂತಲೇ ಸಿಗುವ ಸಣ್ಣ ಯುಪಿಎಸ್ ತನ್ನಿ. ಟೆಲಿಕಾಯಿಲ್ ಬಳಸುವವರ ಮನೆಯಲ್ಲಿ ಅದನ್ನೂ ಫೋನಿನಿಂದ ನಾಲ್ಕಡಿ ದೂರವೇ ಇಡಿ.